ಸೋನ್ಯಾ ಹೆನಿ ನಮ್ಮ ಮನೆಗೆ ಬಂದದ್ದು

ಇಂಗ್ಲಿಷ್ ಚಿತ್ರಗಳ ವಿಷಯದಲ್ಲಿ ನಮ್ಮ ತಿಳುವಳಿಕೆ ಅಷ್ಟಕ್ಕಷ್ಟೆ. ನೌಕರಿಯಲ್ಲಿದ್ದಷ್ಟು ದಿನ ಕಾಂದಿವಲಿಯಿಂದ ಚರ್ಚ್‌ಗೇಟಿಗೆ, ಚರ್ಚ್‌ಗೇಟಿನಿಂದ ಕಾಂದಿವಲಿಗೆ, ಇಷ್ಟರಲ್ಲೇ ಆಯುಷ್ಯ ಸವೆಯಿತು. ಇರೋಸ್, ರೀಗಲ್, ಮೆಟ್ರೋ ಚಿತ್ರಮಂದಿರಗಳ ಮೇಲಿನ ದೊಡ್ಡ ದೊಡ್ಡ ಫಲಕಗಳನ್ನು ಬಸ್ಸಿನ ಕಿಟಕಿಯಿಂದ ನೋಡಿ ತೃಪ್ತಿಪಟ್ಟವರು ನಾವು. ಟಿಕೆಟ್ಟಿನ ಹಣ ಹೇಗೋ ಹೊಂದುತ್ತಿತ್ತು, ಹೊತ್ತು ಹೊಂದುತ್ತಿರಲಿಲ್ಲ. ಕಡೆಯ ಆಟ ಮುಗಿಸಿ ಲೋಕಲ್ ಹಿಡಿದರೆ ಮನೆ ಸೇರುವುದು ನಡುರಾತ್ರಿ; ನಳದ ನೀರಿಗಾಗಿ ಬೆಳಗಿನ ನಾಲ್ಕಕ್ಕೆ ಮತ್ತೆ ಏಳಬೇಕು. ಹೀಗಿರುವಾಗ, 1941ರಲ್ಲಿ ತೆರೆಕಂಡ ಹಾಲಿವುಡ್ ಚಿತ್ರವೊಂದನ್ನು ಎಂಬತ್ತಕ್ಕೂ ಹೆಚ್ಚು ವರ್ಷ ತಡವಾಗಿ ನೋಡಿ, ಅದರ ಬಗ್ಗೆ ನಮ್ಮ ಸಂಘದ ಪತ್ರಿಕೆಗೆ ನಾಲ್ಕು ಮಾತು ಬರೆಯಹೊರಟದ್ದು ಓದುಗರಿಗೆ ವಿಚಿತ್ರವೆನಿಸಿದರೆ ಆಶ್ಚರ್ಯವಿಲ್ಲ.

ಇಲ್ಲಿ ‘ನಾವು’ ಎಂದರೆ ಧಾರವಾಡದ ಕಡೆಯಿಂದ ಬಂದು ಕಾಂದಿವಲಿ ಪೂರ್ವದಲ್ಲಿ ಬೇರುಬಿಟ್ಟ ಗಂಡಹೆಂಡಿರು. ನಮ್ಮಲ್ಲೊಬ್ಬರು ರೈಲ್ವೆಯ ಕಚೇರಿಯಲ್ಲಿ ಗುಮಾಸ್ತಿಕೆ ಮಾಡಿದರು, ಇನ್ನೊಬ್ಬರು ಮನೆಯೆಂಬ ಕಚೇರಿಯಲ್ಲಿ ರಜೆಯಿಲ್ಲದೆ ದುಡಿದರು. ಕೆಳಗಿನ ಮಾತುಗಳಲ್ಲಿ ಯಾವುದು ಯಾರದೆಂದು ಓದುಗರು ಕೇಳಬಾರದು. ಇಷ್ಟು ವರ್ಷ ಒಂದೇ ಸೂರಿನಡಿ ಕಳೆದವರಿಗೆ ಅದರ ಲೆಕ್ಕ ಸಿಗುವುದಿಲ್ಲ.

ಚಿತ್ರ ನಮ್ಮ ಮನೆಗೆ ಬಂದದ್ದು ಮೊಮ್ಮಗಳ ಕಾಲಿನ ದೆಸೆಯಿಂದ. ಒಂಬತ್ತನೇ ಇಯತ್ತೆಯ ಹುಡುಗಿ. ಆರು ವರ್ಷದವಳಿದ್ದಾಗ ನಮ್ಮ ಕಟ್ಟಡದ ಅಂಗಳದಲ್ಲಿ ಗಾಲಿ ಕಟ್ಟಿಕೊಂಡು ತಿರುಗಲು ಆರಂಭಿಸಿದವಳು ಈಗ ಬೆಳಗಿನ ಕ್ಲಾಸಿಗೆ ಹೋಗುತ್ತಾಳೆ. ಕಳೆದ ಮಳೆಗಾಲದಲ್ಲಿ ಅದೇ ಅಂಗಳದ ಪಾಚಿಯ ಮೇಲೆ ಜಾರಿ ಬಿದ್ದು ಹರಡು ಉಳುಕಿಸಿಕೊಂಡಳು. ಮೂರು ವಾರ ಕಾಲಿಗೆ ಪಟ್ಟಿ. ಸುಮ್ಮನೆ ಕೂಡುವ ಜಾತಿಯಲ್ಲ. ಟೀವಿಗೆ ಅಂತರ್ಜಾಲ ಜೋಡಿಸಿಕೊಂಡು ಸ್ಕೇಟಿಂಗಿಗೆ ಸಂಬಂಧಪಟ್ಟದ್ದನ್ನೆಲ್ಲ ಹುಡುಕಿ ಹುಡುಕಿ ನೋಡತೊಡಗಿದಳು. ಒಂದು ಮಧ್ಯಾಹ್ನ ಕಪ್ಪು-ಬಿಳುಪಿನ ಚಿತ್ರವೊಂದು ತೆರೆಯ ಮೇಲೆ ಬಂತು. “ಅಜ್ಜೀ, ಬಾ ಇಲ್ಲೆ, ಆಕಿ ಕಾಲು ನೋಡ” ಎಂದು ಕೂಗಿದಳು. ಅಕ್ಕಿ ಆರಿಸುತ್ತಿದ್ದವರು, ಪತ್ರಿಕೆ ಓದುತ್ತಿದ್ದವರು ಇಬ್ಬರೂ ಹೋಗಿ ಕುಳಿತೆವು.

ಚಿತ್ರದ ಹೆಸರು ‘ಸನ್ ವ್ಯಾಲಿ ಸೆರೆನೇಡ್’. ನಾಯಕಿ ಸೋನ್ಯಾ ಹೆನಿ. ನಿರ್ದೇಶಕ ಎಚ್. ಬ್ರೂಸ್ ಹಂಬರ್‌ಸ್ಟನ್, ತಯಾರಿಸಿದವರು ಟ್ವೆಂಟಿಯತ್ ಸೆಂಚುರಿ ಫಾಕ್ಸ್ ಸಂಸ್ಥೆಯವರು.

ಕಥೆ ಎಂಬುದು ಹೆಚ್ಚೇನೂ ಇಲ್ಲ. ಒಂದು ವಾದ್ಯವೃಂದ, ಅದಕ್ಕೊಬ್ಬ ಬಾಯಿಬಡಕ ವ್ಯವಸ್ಥಾಪಕ. ಪತ್ರಿಕೆಯಲ್ಲಿ ಹೆಸರು ಬರಲೆಂದು ಆತ, ಯುದ್ಧದಿಂದ ನಿರ್ಗತಿಕವಾದ ಯುರೋಪಿನ ಮಗುವೊಂದನ್ನು ವೃಂದದ ವತಿಯಿಂದ ಸಾಕಿಕೊಳ್ಳುವ ಏರ್ಪಾಡು ಮಾಡುತ್ತಾನೆ. ಪಿಯಾನೋ ನುಡಿಸುವ ಟೆಡ್ ಎಂಬ ತರುಣ ಸಾಕುತಂದೆಯೆಂದು ಗೊತ್ತಾಗುತ್ತದೆ. ನ್ಯೂಯಾರ್ಕಿನ ಎಲ್ಲಿಸ್ ದ್ವೀಪಕ್ಕೆ ಮಗುವನ್ನು ಕರೆತರಲು ಹೋದರೆ, ಬಂದು ನಿಲ್ಲುವವಳು ನಾರ್ವೆಯ ಕರೆನ್ ಬೆನ್ಸನ್ ಎಂಬ ಪ್ರಾಯದ ಹುಡುಗಿ! ಟೆಡ್ಡನಿಗೆ ಆಗಲೇ ವೃಂದದ ಗಾಯಕಿಯೊಡನೆ ಪ್ರೇಮ. ವೃಂದಕ್ಕೆ ಸನ್ ವ್ಯಾಲಿ ಎಂಬ ಹಿಮದ ಊರಿನಲ್ಲಿ ಕಾರ್ಯಕ್ರಮ. ಬರಬೇಡವೆಂದರೂ ಕರೆನ್ ಗುಟ್ಟಾಗಿ ರೈಲು ಹತ್ತಿ ಬರುತ್ತಾಳೆ. ಮುಂದಿನದನ್ನು ಓದುಗರೇ ಊಹಿಸಬಲ್ಲರು. ಹಿಮದ ಮೇಲೆ ಜಾರಾಟ, ಗಾಯಕಿಯ ಕೋಪ, ಬೆಟ್ಟದ ಮೇಲಿನ ಗುಡಿಸಲಲ್ಲಿ ಸಿಕ್ಕಿಬೀಳುವುದು. ಕೊನೆಗೆ ಗಾಯಕಿ ಮುನಿದು ಹೊರಟುಹೋದಾಗ ಕರೆನ್ ಸ್ಕೇಟಿಂಗ್ ಪ್ರದರ್ಶನ ಕೊಟ್ಟು ವೃಂದದ ಮಾನ ಉಳಿಸುತ್ತಾಳೆ, ಟೆಡ್ಡನ ಮನಸ್ಸನ್ನೂ ಗೆಲ್ಲುತ್ತಾಳೆ.

“ಇಷ್ಟಕ್ಕ ಒಂದೂವರೆ ತಾಸು ಕೂಡಬೇಕೇನು?” ಎಂದು ನಮ್ಮಲ್ಲೊಬ್ಬರು ಗೊಣಗಿದ್ದುಂಟು. ಆದರೆ ಮುಂಬಯಿಯಲ್ಲಿ ಯಕ್ಷಗಾನ ನೋಡಿದವರಿಗೆ ಈ ಬಗೆ ಹೊಸದಲ್ಲ. ಊರಿನಿಂದ ಹೆಸರಾಂತ ಕಲಾವಿದರೊಬ್ಬರು ಬರುತ್ತಾರೆಂದರೆ ಅವರಿಗೆ ಹೊಂದುವ ಪ್ರಸಂಗವನ್ನೇ ಗೊತ್ತುಮಾಡುತ್ತಾರಲ್ಲವೇ? ಜನ ಬರುವುದು ಕಥೆಗೆಂದು ಯಾರು ಹೇಳಿದರು? ಅವರು ಕಾದು ಕೂಡುವುದು ಆ ಧೀಂಗಿಣಕ್ಕೆ. ಹಾಲಿವುಡ್ಡಿನವರು ಸೋನ್ಯಾ ಹೆನಿಗಾಗಿ ಮಾಡಿದ್ದೂ ಅದೇ. 1936ರಿಂದ 1948ರವರೆಗೆ ಆಕೆ ನಟಿಸಿದ ಚಿತ್ರಗಳೆಲ್ಲ ಹೆಚ್ಚುಕಡಿಮೆ ಒಂದೇ ಅಚ್ಚಿನವು: ತಿಳಿಯಾದ ಪ್ರೇಮಕಥೆ, ಒಂದಿಷ್ಟು ನಗೆ, ನಡುನಡುವೆ ಬರ್ಫದ ಮೇಲೆ ಆಕೆಯ ಕುಣಿತ. ನಟನೆ ಸಾಧಾರಣ, ಇಂಗ್ಲಿಷ್ ಉಚ್ಚಾರ ತೊದಲು. ಆದರೆ ಕಾಲಿಗೆ ಸ್ಕೇಟು ಕಟ್ಟಿದೊಡನೆ ಆಕೆ ಬೇರೆಯೇ ಒಬ್ಬಳಾಗಿಬಿಡುತ್ತಾಳೆ.

ಬರ್ಫವೆಂದರೆ ನಮಗೆ ಚೌಪಾಟಿಯ ಗೋಲಾ, ಮೀನು ಮಾರುಕಟ್ಟೆಯ ಗೋಣಿಚೀಲದಡಿಯ ಗಡ್ಡೆ. ಹತ್ತೊಂಬತ್ತನೆಯ ಶತಮಾನದಲ್ಲಿ ಅಮೆರಿಕದ ಕೆರೆಗಳ ಬರ್ಫವನ್ನು ಕೊಯ್ದು, ಮರದ ಹೊಟ್ಟಿನಲ್ಲಿ ಮುಚ್ಚಿ, ಹಡಗಿನಲ್ಲಿ ಮುಂಬಯಿಗೆ ತರುತ್ತಿದ್ದರೆಂದು ಓದಿದಾಗ ಸಾಹೇಬರ ಶೋಕಿಗೆ ನಕ್ಕಿದ್ದೆವು. ಅದರ ಮೇಲೆ ಮನುಷ್ಯರು ಓಡಾಡುವುದನ್ನು ಕಣ್ಣಾರೆ ಕಂಡದ್ದು ಗೋರಾಯಿಯ ಎಸ್ಸೆಲ್ ವರ್ಲ್ಡಿನಲ್ಲಿ. 1989ರಲ್ಲಿ ತೆರೆದು 2022ರಲ್ಲಿ ಮುಚ್ಚಿದ ಆ ವಿನೋದೋದ್ಯಾನದಲ್ಲಿ ಬರ್ಫದ ಅಂಗಣ ಒಂದಿತ್ತು. ಮಗ ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ ದೋಣಿ ಹತ್ತಿ ಅವನನ್ನು ಕರೆದುಕೊಂಡು ಹೋಗಿದ್ದೆವು. ಕಟ್ಟೆ ಹಿಡಿದು ಹತ್ತು ಹೆಜ್ಜೆ ಇಟ್ಟ, ಹನ್ನೊಂದನೆಯದಕ್ಕೆ ಕುಳಿತ, ಚಡ್ಡಿಯೆಲ್ಲ ತೋಯಿಸಿಕೊಂಡು ಬಂದ. ಸ್ಕೇಟಿಂಗ್ ವಿಷಯದಲ್ಲಿ ಆತನಿಗೆ ಇಂದಿಗೂ ಅಷ್ಟು ಮಮತೆ ಇಲ್ಲ. ಕಾರಣ ಅಲ್ಲಿಯೇ ಇದ್ದರೂ ಇರಬಹುದು.

ಮೊಮ್ಮಗಳು ನಮಗೆ ಪಾಠ ಹೇಳಿದಳು. ಬರ್ಫದ ಸ್ಕೇಟಿನ ಅಲಗು ಚಾಕುವಿನಂತೆ ಒಂದೇ ಅಂಚಿನದಲ್ಲವಂತೆ. ಅಡಿಯಲ್ಲಿ ಉದ್ದಕ್ಕೂ ಸಣ್ಣ ತಗ್ಗು, ಅದರ ಎರಡೂ ಬದಿಗೆ ಎರಡು ಅಂಚು. ಒಳ ಅಂಚಿನ ಮೇಲೆ ಭಾರ ಹಾಕಿದರೆ ಒಂದು ಕಡೆ ಬಾಗು, ಹೊರ ಅಂಚಿನ ಮೇಲೆ ಹಾಕಿದರೆ ಇನ್ನೊಂದು ಕಡೆ. ಮುಂದೆ ಬೆರಳಿನ ಕೆಳಗೆ ಗರಗಸದಂಥ ಹಲ್ಲು. ಅದನ್ನು ಊರಿ ಜಿಗಿಯುವುದು. ಗಿರಗಿರನೆ ತಿರುಗುವಾಗ ಆಕೆ ಕೈಗಳನ್ನು ಎದೆಗೆ ತಂದೊಡನೆ ವೇಗ ಇಮ್ಮಡಿಯಾದಂತೆ ಕಂಡಿತು. “ಅದು ಫಿಜಿಕ್ಸ್, ಅಜ್ಜಾ. ಕೈ ಅಗಲ ಇದ್ರ ಸಾವಕಾಶ, ಒಳಗ ತಂದ್ರ ಜೋರು” ಎಂದು, ತಿರುಗುವ ಕುರ್ಚಿಯ ಮೇಲೆ ನಮ್ಮನ್ನು ಕೂಡಿಸಿ, ಎರಡೂ ಕೈಗೆ ಒಂದೊಂದು ನೀರಿನ ಬಾಟಲಿ ಕೊಟ್ಟು ತಿರುಗಿಸಿ ತೋರಿಸಿದಳು. ವಿಷಯ ತಿಳಿಯಿತು, ತಲೆಯೂ ತಿರುಗಿತು. ಕಥಕ್ ನರ್ತಕಿಯರು ಚಕ್ಕರ್ ಹೊಡೆಯುವಾಗ ಪ್ರತಿ ಸುತ್ತಿಗೂ ಕಣ್ಣನ್ನು ಒಂದೇ ಕಡೆ ತಂದು ನಿಲ್ಲಿಸುತ್ತಾರೆ. ಬರ್ಫದ ಮೇಲೆ ಆ ವೇಗದಲ್ಲಿ ಅದು ಸಾಧ್ಯವಿಲ್ಲ. ತಲೆಸುತ್ತನ್ನು ಅಭ್ಯಾಸದಿಂದಲೇ ಗೆಲ್ಲಬೇಕು.

ಕಡೆಯ ನೃತ್ಯವನ್ನು ಅವಳು ನಾಲ್ಕು ಸಲ ಹಾಕಿದಳು. ಕಪ್ಪು ಬಣ್ಣ ಕೊಟ್ಟ ಬರ್ಫದ ಅಂಗಣ, ಕನ್ನಡಿಯ ಹಾಗೆ ಹೊಳೆಯುತ್ತದೆ. ಬಿಳಿಯ ಉಡುಪಿನ ಸೋನ್ಯಾ ಮೇಲೊಬ್ಬಳು, ಕೆಳಗೊಬ್ಬಳು. ಬಣ್ಣದ ಚಿತ್ರಗಳಿಗೆ ಒಗ್ಗಿದ ಕಣ್ಣಿಗೂ ಇದು ಹಬ್ಬ. ಚಿತ್ರೀಕರಣದ ವೇಳೆ ಆಕೆ ಬಿದ್ದು, ಬಟ್ಟೆಗೆಲ್ಲ ಕಪ್ಪು ಬಣ್ಣ ಮೆತ್ತಿ, ಮತ್ತೆ ತೆಗೆಯಲು ನಿರ್ಮಾಪಕರು ಒಪ್ಪಲಿಲ್ಲವೆಂಬ ಮಾತು ಪ್ರಚಾರದಲ್ಲಿದೆ. ತೆರೆಯ ಮೇಲಂತೂ ಆಕೆ ಬೀಳುವುದಿಲ್ಲ. ಒಂದು ಉಸಿರೂ ಹೆಚ್ಚಾಗಿ ಎಳೆದದ್ದು ಕಾಣುವುದಿಲ್ಲ. ಮೊದಲಿನಿಂದ ಕೊನೆಯತನಕ ನಗು.

“ಆಕಿ ಯಾವಾಗಲೂ ಬಿದ್ದೇ ಇಲ್ಲೇನು?” ಎಂದು ಹುಡುಗಿ ಪಟ್ಟಿ ಕಟ್ಟಿದ ಕಾಲನ್ನು ಸೋಫಾದ ಮೇಲೆ ಚಾಚಿಕೊಂಡು ಕೇಳಿದ ದನಿ ನಮಗೆ ಸರಿಯೆನಿಸಲಿಲ್ಲ. ಅದರಲ್ಲಿ ತನ್ನ ಬಗ್ಗೆ ಒಂದು ತೀರ್ಪು ಇತ್ತು. ಸೋನ್ಯಾ ಹೆನಿಯ ಚರಿತ್ರೆಯನ್ನು ಹುಡುಕಿ ಓದಲು ನಾವು ಮನಸ್ಸು ಮಾಡಿದ್ದು ಈ ಪ್ರಶ್ನೆಯಿಂದ.

ಆಕೆ ಹುಟ್ಟಿದ್ದು 1912ರ ಏಪ್ರಿಲ್ 8ರಂದು, ಇಂದು ಓಸ್ಲೋ ಎನ್ನುವ ಊರಿನಲ್ಲಿ. ತಂದೆ ಚರ್ಮದ ಉಣ್ಣೆಯ ಉಡುಪುಗಳ ದೊಡ್ಡ ವ್ಯಾಪಾರಿ. 1924ರಲ್ಲಿ ಫ್ರಾನ್ಸಿನ ಶಾಮೊನಿಯಲ್ಲಿ ನಡೆದ ಮೊದಲ ಚಳಿಗಾಲದ ಒಲಿಂಪಿಕ್ಸಿಗೆ ಹೋದಾಗ ವಯಸ್ಸು 11. ಸ್ಪರ್ಧಿಸಿದವರು ಎಂಟು ಜನ, ಆಕೆಗೆ ಬಂದದ್ದು ಎಂಟನೆಯ ಸ್ಥಾನ. ಪ್ರದರ್ಶನದ ನಡುವೆಯೇ ಅಂಗಣದ ಅಂಚಿಗೆ ಬಂದು, ಮುಂದೇನು ಮಾಡಬೇಕೆಂದು ಗುರುವನ್ನು ಕೇಳಿದಳಂತೆ! ಇದನ್ನು ಹೇಳಿದಾಗ ಮೊಮ್ಮಗಳು ಮೂರು ದಿನಗಳಲ್ಲಿ ಮೊದಲ ಬಾರಿ ನಕ್ಕಳು.

ಮೂರು ವರ್ಷಗಳಲ್ಲಿ ಅದೇ ಹುಡುಗಿ ವಿಶ್ವ ಚಾಂಪಿಯನ್. 1927ರಿಂದ 1936ರವರೆಗೆ ಸತತ ಹತ್ತು ವರ್ಷ ಆ ಪದವಿಯನ್ನು ಬಿಟ್ಟುಕೊಡಲಿಲ್ಲ. ಮಹಿಳೆಯರಲ್ಲಿ ಇಂದಿಗೂ ಅದನ್ನು ಯಾರೂ ಮೀರಿಲ್ಲ. 1928, 1932, 1936ರ ಮೂರು ಒಲಿಂಪಿಕ್ಸ್‌ಗಳಲ್ಲೂ ಚಿನ್ನ. 1927ರ ಮೊದಲ ಗೆಲುವಿನಲ್ಲಿ ಕೊಂಚ ಹುಳುಕಿತ್ತೆನ್ನಬೇಕು: ಐವರು ತೀರ್ಪುಗಾರರಲ್ಲಿ ಮೂವರು ನಾರ್ವೆಯವರೇ. ಗಲಾಟೆಯಾಗಿ, ಮುಂದೆ ಒಂದು ದೇಶಕ್ಕೆ ಒಬ್ಬನೇ ತೀರ್ಪುಗಾರನೆಂಬ ನಿಯಮ ಬಂತು. ಆದರೂ ಉಳಿದ ಒಂಬತ್ತು ಗೆಲುವುಗಳಿಗೆ ಯಾರ ಕೃಪೆಯೂ ಬೇಕಿರಲಿಲ್ಲ. ಅಲ್ಲಿಯವರೆಗೆ ಮೊಣಕಾಲು ದಾಟಿ ಇಳಿಯುವ ಲಂಗ ಉಟ್ಟು, ಕಪ್ಪು ಬೂಟು ತೊಟ್ಟು, ರೇಖಾಗಣಿತದಂತೆ ವೃತ್ತ ಬರೆಯುತ್ತಿದ್ದ ಆಟಕ್ಕೆ ಗಿಡ್ಡ ಲಂಗ, ಬಿಳಿ ಬೂಟು, ನೃತ್ಯದ ಲಯ ತಂದವಳು ಆಕೆ. ಬ್ಯಾಲೆ ನರ್ತಕಿ ಅನ್ನಾ ಪಾವ್ಲೋವಾ ಆಕೆಯ ಆದರ್ಶ.

ಇದೆಲ್ಲ ಹೇಗಾಯಿತು? ತಂದೆ ವ್ಯಾಪಾರದ ಹಣ ಸುರಿದು ಒಳ್ಳೊಳ್ಳೆಯ ಶಿಕ್ಷಕರನ್ನು ಗೊತ್ತುಮಾಡಿದ. ತಾಯಿ ಊರೂರು ಜೊತೆಗೆ ಸುತ್ತಿದಳು. 1936ರಲ್ಲಿ ಹಾಲಿವುಡ್ಡಿಗೆ ಹೋದಾಗ ಅವಕಾಶಕ್ಕಾಗಿ ಬಾಗಿಲು ಕಾಯದೆ, ತಂದೆ-ಮಗಳು ಅಲ್ಲಿಯ ಒಂದು ಬರ್ಫದ ಅಂಗಣವನ್ನೇ ಬಾಡಿಗೆಗೆ ಹಿಡಿದು ಪ್ರದರ್ಶನ ಏರ್ಪಡಿಸಿದರು. ಸ್ಟುಡಿಯೋದ ದೊರೆ ಡ್ಯಾರಿಲ್ ಝಾನಕ್ ಒಪ್ಪಂದ ಮಾಡಿಕೊಂಡ. ಅದೂ ಸಣ್ಣ ಪಾತ್ರಕ್ಕೆ ಒಪ್ಪದೆ ನಾಯಕಿಯೇ ಆಗಬೇಕೆಂಬ ಆಕೆಯ ಹಟಕ್ಕೆ ಮಣಿದು. ಇಂಥ ತಂದೆ ನಮ್ಮ ಕಾಂದಿವಲಿಯಲ್ಲಿ ಎಲ್ಲಿ ಸಿಗಬೇಕು? ಇಲ್ಲಿಯ ತಂದೆ ಮನೆಯ ಸಾಲದ ಕಂತು ಕಟ್ಟುತ್ತಿರುತ್ತಾನೆ.

ಹೀಗೆ ಓದುತ್ತಾ ಹೋದಂತೆ, ಚಿತ್ರದ ಚೌಕಟ್ಟಿನ ಹೊರಗೆ ನಿಂತವರೇ ನಮಗೆ ಹೆಚ್ಚು ಕಾಣಿಸತೊಡಗಿದರು. ಸನ್ ವ್ಯಾಲಿಯ ಬೆಟ್ಟದಲ್ಲಿ ಕರೆನ್ ಹಿಮದ ಮೇಲೆ ಬಾಣದಂತೆ ಇಳಿಯುವಳಲ್ಲ, ಆ ದೂರದ ದೃಶ್ಯಗಳಲ್ಲಿ ಇಳಿಯುವವಳು ಸೋನ್ಯಾ ಅಲ್ಲ. ಗ್ರೆಚನ್ ಫ್ರೇಜರ್ ಎಂಬ ಇನ್ನೊಬ್ಬಾಕೆ ಆಕೆಯ ಬದಲಿಗೆ ಸ್ಕೀ ಮಾಡಿದಳು. ಮುಖ ಕಾಣದಂತೆ ಓಡಿದ ಅದೇ ಗ್ರೆಚನ್ 1948ರ ಸೇಂಟ್ ಮೊರಿಟ್ಸ್ ಒಲಿಂಪಿಕ್ಸಿನಲ್ಲಿ ಸ್ಲಾಲಮ್ ಗೆದ್ದು, ಸ್ಕೀಯಿಂಗಿನಲ್ಲಿ ಅಮೆರಿಕಕ್ಕೆ ಮೊದಲ ಚಿನ್ನ ತಂದಳು. ಒಬ್ಬ ಚಾಂಪಿಯನ್ನಳ ನೆರಳಿನಲ್ಲಿ ಇನ್ನೊಬ್ಬ ಚಾಂಪಿಯನ್! ಕೋಪಿಷ್ಠ ಗಾಯಕಿಯ ಪಾತ್ರದ ಲಿನ್ ಬಾರಿ ಹಾಡಿದ್ದೂ ತನ್ನ ಕಂಠದಿಂದಲ್ಲ, ಅದಕ್ಕೆ ಹಿನ್ನೆಲೆಯಲ್ಲಿ ಪ್ಯಾಟ್ ಫ್ರೈಡೇ ಎಂಬಾಕೆ ಇದ್ದಳು. ಹಿನ್ನೆಲೆ ಗಾಯನವೆಂದರೆ ನಮ್ಮ ಮುಂಬಯಿಯ ಸೊತ್ತು ಎಂದುಕೊಂಡವರಿಗೆ ಇದು ಸುದ್ದಿ. ನಮ್ಮಲ್ಲಾದರೆ ಹಾಡಿದವರ ಹೆಸರು ಮನೆಮನೆಗೆ ಗೊತ್ತು.

ಎಲ್ಲಕ್ಕೂ ಮಿಗಿಲಾದದ್ದು ‘ಚಟ್ಟನೂಗ ಚೂ ಚೂ’ ಎಂಬ ರೈಲಿನ ಹಾಡು. ಗ್ಲೆನ್ ಮಿಲ್ಲರ್ ತನ್ನ ವೃಂದದೊಡನೆ ಈ ಚಿತ್ರದಲ್ಲಿ ಸ್ವತಃ ನಟಿಸಿದ್ದಾನೆ. ಆ ಹಾಡಿನ ತಟ್ಟೆ ಹನ್ನೆರಡು ಲಕ್ಷ ಮಾರಾಟವಾದುದಕ್ಕಾಗಿ 1942ರ ಫೆಬ್ರವರಿ 10ರಂದು ಕಂಪನಿ ಆತನಿಗೆ ಚಿನ್ನದ ಬಣ್ಣ ಬಳಿದ ತಟ್ಟೆ ಕೊಟ್ಟಿತು. ಇಂದು ಎಲ್ಲರೂ ಹೇಳುವ ‘ಗೋಲ್ಡ್ ರೆಕಾರ್ಡ್’ ಅಲ್ಲಿಂದ ಶುರುವಾದದ್ದು. (1944ರ ಡಿಸೆಂಬರ್ 15ರಂದು ಮಿಲ್ಲರ್ ಹತ್ತಿದ ಸೈನ್ಯದ ವಿಮಾನ ಇಂಗ್ಲಿಷ್ ಕಾಲುವೆಯ ಮೇಲೆ ಕಣ್ಮರೆಯಾಯಿತು.) ಆ ಹಾಡಿಗೆ ಕುಣಿದವರು ಕರಿಯ ಜನಾಂಗದ ನಿಕೊಲಸ್ ಸಹೋದರರು ಮತ್ತು ಡಾರಥಿ ಡ್ಯಾಂಡ್ರಿಜ್. ಅಣ್ಣತಮ್ಮಂದಿರ ಕಾಲಿನ ಚಳಕ ನೋಡಿದ ಮೇಲೆ ಬರ್ಫದ ಕುಣಿತವೂ ಒಂದು ಗಳಿಗೆ ಮಂಕೆನಿಸಿತು. ಆದರೆ ಕಥೆಯಲ್ಲಿ ಅವರಿಗೆ ಸ್ಥಾನವಿಲ್ಲ. ಹೆಸರಿಲ್ಲ, ಮಾತಿಲ್ಲ, ನಾಯಕ-ನಾಯಕಿಯರ ಕಡೆ ತಿರುಗಿಯೂ ನೋಡುವುದಿಲ್ಲ. ಬರುತ್ತಾರೆ, ಕುಣಿಯುತ್ತಾರೆ, ಹೋಗುತ್ತಾರೆ. ಆ ಕಾಲದಲ್ಲಿ ಕರಿಯ ಕಲಾವಿದರ ದೃಶ್ಯಗಳನ್ನು ಹೀಗೆ ಬಿಡಿಯಾಗಿಯೇ ಇಡುತ್ತಿದ್ದರು. ಅಮೆರಿಕದ ದಕ್ಷಿಣ ಪ್ರಾಂತಗಳ ಚಿತ್ರಮಂದಿರಗಳವರು ಬೇಡವೆಂದರೆ, ಕಥೆಗೆ ಭಂಗ ಬಾರದಂತೆ ಕತ್ತರಿಸಿ ತೆಗೆಯಲು ಅನುಕೂಲ. ಇದನ್ನು ತಿಳಿದ ಮೇಲೆ ಮೊಮ್ಮಗಳು ಅದನ್ನು ಐದನೆಯ ಸಲ ಹಾಕಿದಳು. ಈ ಸಲ ನಗಲಿಲ್ಲ.

ಸನ್ ವ್ಯಾಲಿಯ ಬಗ್ಗೆಯೂ ಒಂದು ಮಾತು. ಊರೆಂದರೆ ಊರಲ್ಲ, ಯೂನಿಯನ್ ಪೆಸಿಫಿಕ್ ಎಂಬ ರೈಲ್ವೆ ಕಂಪನಿ ಪ್ರಯಾಣಿಕರನ್ನು ಸೆಳೆಯಲು 1936ರಲ್ಲಿ ಐಡಹೋ ಪ್ರಾಂತದಲ್ಲಿ ಕಟ್ಟಿದ ವಿಹಾರಧಾಮ. ಬೆಟ್ಟ ಹತ್ತಿಸುವ ತೂಗುಕುರ್ಚಿಗಳನ್ನು ಜಗತ್ತಿನಲ್ಲಿ ಮೊದಲು ಹಾಕಿದ್ದು ಅಲ್ಲಿಯೇ. ಅದನ್ನು ಯೋಚಿಸಿದ ಎಂಜಿನಿಯರ್ ಅದಕ್ಕೂ ಮೊದಲು ಬಾಳೆಗೊನೆಗಳನ್ನು ಕೊಕ್ಕೆಗೆ ಸಿಕ್ಕಿಸಿ ಹಡಗಿಗೆ ಏರಿಸುವ ಯಂತ್ರದ ಕೆಲಸ ಬಲ್ಲವನಾಗಿದ್ದ. ಗೊನೆಯ ಜಾಗದಲ್ಲಿ ಮನುಷ್ಯ! ನಮ್ಮಲ್ಲಿಯ ರೈಲ್ವೆ ಗುಮಾಸ್ತರಿಗೆ ಇದು ಬಹಳ ಹಿಡಿಸಿತು. ಬೋರಿವಲಿ ಲೋಕಲ್ಲಿನಲ್ಲಿ ಬಾಗಿಲಿಗೆ ಜೋತುಬಿದ್ದ ನಮ್ಮನ್ನು ನೋಡಿದ್ದರೆ ಆ ಎಂಜಿನಿಯರ್ ಇನ್ನೇನು ಯೋಚಿಸುತ್ತಿದ್ದನೋ.

ಇನ್ನು ಸೋನ್ಯಾಳ ವಿಷಯ. ಕರೆನ್ ಬೆನ್ಸನ್ ನಾರ್ವೆಯ ನಿರಾಶ್ರಿತೆ. ಜರ್ಮನ್ ಸೈನ್ಯ ನಾರ್ವೆಗೆ ನುಗ್ಗಿದ್ದು 1940ರ ಏಪ್ರಿಲ್ 9ರಂದು. ಚಿತ್ರ ಬಂದದ್ದು ಮರುವರ್ಷದ ಆಗಸ್ಟಿನಲ್ಲಿ. ಆ ನಿರಾಶ್ರಿತೆಯ ಪಾತ್ರ ಮಾಡಿದಾಕೆ 1936ರ ಸುಮಾರಿಗೆ ಬರ್ಲಿನ್ನಿನ ಪ್ರದರ್ಶನದಲ್ಲಿ ಹಿಟ್ಲರನಿಗೆ ನಾತ್ಸೀ ಪದ್ಧತಿಯ ವಂದನೆ ಸಲ್ಲಿಸಿದ್ದಳು, ಆತನೊಡನೆ ಊಟ ಮಾಡಿದ್ದಳು, ಸಹಿ ಹಾಕಿದ ಭಾವಚಿತ್ರ ಪಡೆದಿದ್ದಳು. ನಾರ್ವೆಯ ಪತ್ರಿಕೆಗಳು ಆಗಲೇ ಆಕೆಯನ್ನು ತರಾಟೆಗೆ ತೆಗೆದುಕೊಂಡವು. ಯುದ್ಧಕಾಲದಲ್ಲಿ ತಾಯ್ನಾಡಿನ ಪ್ರತಿರೋಧಕ್ಕೆ ಬಹಿರಂಗವಾಗಿ ನೆರವಾಗಲಿಲ್ಲವೆಂಬ ಕೊರಗು ಅಲ್ಲಿಯವರಲ್ಲಿ ಬಹುಕಾಲ ಉಳಿಯಿತು. 1941ರಲ್ಲಿಯೇ ಆಕೆ ಅಮೆರಿಕದ ಪ್ರಜೆಯಾದಳು. ವಲಸೆ ಹೋದವರು ಹೋದ ನಾಡಿನವರಾಗುವುದು ತಪ್ಪೆಂದು ಹೇಳಲು ನಮಗೆ ಬಾಯಿಲ್ಲ, ನಮ್ಮ ರೇಷನ್ ಕಾರ್ಡಿಗೆ ಮಹಾರಾಷ್ಟ್ರದ ಮೊಹರು ಬಿದ್ದು ದಶಕಗಳಾದವು. ಆದರೆ ಧಾರವಾಡದಲ್ಲಿ ಮನೆ ಉರಿಯುತ್ತಿದ್ದರೆ ಕೈಕಟ್ಟಿ ಕೂಡಲಾರೆವು. ನಮ್ಮ ಮಟ್ಟಿಗೆ, ಆಕೆಯ ಕಾಲಿಗೆ ಪೂರ್ತಿ ಅಂಕ, ಆ ವಂದನೆಗೆ ಸೊನ್ನೆ. ಕೊನೆಗಾಲದಲ್ಲಿ ಗಂಡ, ಹಡಗು ವ್ಯಾಪಾರಿ ನೀಲ್ಸ್ ಓನ್‌ಸ್ಟಾಡ್‌ನೊಡನೆ ಸೇರಿ ಓಸ್ಲೋ ಹತ್ತಿರ ಒಂದು ಕಲಾಕೇಂದ್ರ ಕಟ್ಟಿಸಿ 1968ರಲ್ಲಿ ನಾಡಿಗೆ ಒಪ್ಪಿಸಿದಳು. ಮರುವರ್ಷ ಅಕ್ಟೋಬರ್ 12ರಂದು, ಪ್ಯಾರಿಸ್ಸಿನಿಂದ ಓಸ್ಲೋಗೆ ಬರುವ ವಿಮಾನದಲ್ಲಿ ತೀರಿಕೊಂಡಳು. ರಕ್ತದ ಕ್ಯಾನ್ಸರ್, ವಯಸ್ಸು 57.

ಆಟದಲ್ಲಿ ಗೆದ್ದವರನ್ನು ತೆರೆಗೆ ತರುವುದು ನಮ್ಮಲ್ಲೂ ಇದ್ದದ್ದೇ. ದಾರಾ ಸಿಂಗರಿಗಾಗಿ ಮುಂಬಯಿಯವರು 1962ರಲ್ಲಿ ‘ಕಿಂಗ್ ಕಾಂಗ್’, ಮುಂದಿನ ವರ್ಷ ‘ಫೌಲಾದ್’ ತೆಗೆದರು. ನಮ್ಮ ಕೊಡಗಿನ ಮನೆತನದ ಓಟಗಾರ್ತಿ, ಪಿ.ಟಿ. ಉಷಾ ಅವರನ್ನೂ ಹಿಂದೆ ಹಾಕಿದ ಅಶ್ವಿನಿ ನಾಚಪ್ಪ ಅವರನ್ನು ತೆರೆಗೆ ತಂದವರು ತೆಲುಗಿನವರು. 1991ರ ಆ ಚಿತ್ರದ ಹೆಸರೂ ‘ಅಶ್ವಿನಿ’ ಎಂದೇ. ಕನ್ನಡದವರು ಏಕೆ ಮುಂದಾಗಲಿಲ್ಲವೋ. ಆಕೆ ಚಿತ್ರರಂಗವನ್ನು ನೆಚ್ಚಿ ಕೂಡದೆ, ಪತಿಯೊಡನೆ ಗೋಣಿಕೊಪ್ಪದಲ್ಲಿ ಓದು-ಆಟ ಎರಡನ್ನೂ ಕಲಿಸುವ ಶಾಲೆ ಕಟ್ಟಿದರು. ಇದನ್ನು ಮೊಮ್ಮಗಳಿಗೆ ಹೇಳಿದಾಗ, “ಅಂದ್ರ ಸಾಲಿ ಬಿಡಬೇಕಾಗಿಲ್ಲ” ಎಂದು ತನಗೆ ಬೇಕಾದ ಅರ್ಥವನ್ನು ಆರಿಸಿಕೊಂಡಳು.

ಆ ಮಾತಿಗೆ ಕಾರಣವಿತ್ತು. ಕಾಲಿನ ಪಟ್ಟಿ ಬಿಚ್ಚಿದ ವಾರವೇ ಮಗ ರಾತ್ರಿ ಊಟಕ್ಕೆ ಕುಳಿತಾಗ ವಿಷಯ ತೆಗೆದ. “ಅಪ್ಪಾ, ಮುಂದಿನ ವರ್ಷ ಹತ್ತನೇ ಇಯತ್ತೆ. ಸ್ಕೇಟಿಂಗ್ ಇನ್ನ ಸಾಕು ಮಾಡೋಣು. ಇದರಿಂದ ಏನು ಹೊಟ್ಟಿ ತುಂಬತದೇನು?” ಆತ ಹೇಳಿದ್ದರಲ್ಲಿ ಸುಳ್ಳೇನಿರಲಿಲ್ಲ. ಕ್ಲಾಸಿನ ಫೀ, ಗಾಲಿ ಸವೆದಾಗ ಹೊಸ ಗಾಲಿ, ಕಾಲು ಬೆಳೆದಂತೆ ಹೊಸ ಬೂಟು. ನಮ್ಮ ಅಕುರ್ಲಿ ರಸ್ತೆಯಲ್ಲಿ ಕ್ರೀಡಾ ಪ್ರಾಧಿಕಾರದ ದೊಡ್ಡ ತರಬೇತಿ ಕೇಂದ್ರವೇ ಇದೆ; ಅಲ್ಲಿ ಬೆವರು ಸುರಿಸುವ ಹುಡುಗ-ಹುಡುಗಿಯರನ್ನು ದಿನಾ ನೋಡುತ್ತೇವೆ, ಅವರೆಲ್ಲರ ಹೆಸರೂ ಪತ್ರಿಕೆಯಲ್ಲಿ ಬರುವುದಿಲ್ಲ ಎಂಬುದೂ ಗೊತ್ತು. ನಮ್ಮ ಹುಡುಗಿ ಸೋನ್ಯಾ ಹೆನಿ ಆಗುವವಳಲ್ಲ. ಇದನ್ನು ಅವಳೇ ಮೊದಲು ಹೇಳಿದಳು, ಅನ್ನ ಕಲಸುತ್ತಾ, ತಲೆ ಎತ್ತದೆ. “ನಂಗ ಚಾಂಪಿಯನ್ ಆಗೋದು ಬ್ಯಾಡ. ಬಿಡೋದೂ ಬ್ಯಾಡ.”

ಸೊಸೆ ಏನೂ ಮಾತಾಡಲಿಲ್ಲ. ಅವಳ ಬೆಳಗನ್ನು ಇಲ್ಲಿ ಹೇಳಬೇಕು. ಐದಕ್ಕೆ ಎದ್ದು ಮಗಳನ್ನು ಎಬ್ಬಿಸಿ, ಸ್ಕೇಟು, ಹೆಲ್ಮೆಟ್, ಮೊಣಕಾಲಿನ ಕವಚ ತುಂಬಿದ ಚೀಲ ಹೆಗಲಿಗೇರಿಸಿ, ರಿಕ್ಷಾ ಹಿಡಿದು ಕ್ಲಾಸಿಗೆ. ಅಲ್ಲಿ ಕಲ್ಲುಬೆಂಚಿನ ಮೇಲೆ ಒಂದು ತಾಸು. ಏಳೂ ಕಾಲಿಗೆ ಮನೆ, ನಾಲ್ಕು ಡಬ್ಬಿ, ಎಂಟು ಇಪ್ಪತ್ತರ ಲೋಕಲ್, ಅಂಧೇರಿಯ ಕಚೇರಿ. ವಾರಕ್ಕೆ ನಾಲ್ಕು ದಿನ, ಎಂಟು ವರ್ಷ. ಆ ರಾತ್ರಿ ಮಗ “ಬಿಡಿಸೋಣು” ಎಂದಾಗ ಅವಳ ಮುಖದಲ್ಲಿ ಕಂಡದ್ದು ಬೇಸರವೋ ಬಿಡುಗಡೆಯೋ ನಮಗೆ ತಿಳಿಯಲಿಲ್ಲ. ಎರಡೂ ಇದ್ದಿರಬೇಕು. ಚೌಕಟ್ಟಿನ ಹೊರಗೆ ನಿಂತವರ ವಿಷಯ ಮೂರು ವಾರ ಓದಿದ್ದೆವಲ್ಲ, ಮುದ್ದೆಯಾದ ರಿಬ್ಬನ್ನನ್ನು ಉಗುರಿನಿಂದ ಬಿಡಿಸುತ್ತಾ ಕುಳಿತ ಆ ಹೆಣ್ಣುಮಗಳ ಮೇಲೆಯೇ ನಮ್ಮ ಕಣ್ಣು.

ಮರುದಿನ ನಾವಿಬ್ಬರೂ ಕೂಡಿ ಮಗನ ಮುಂದೆ ಒಂದು ಏರ್ಪಾಡು ಇಟ್ಟೆವು. ನಾಲ್ಕು ದಿನದ ಬದಲು ಎರಡೇ ದಿನ, ಮಂಗಳವಾರ ಮತ್ತು ಗುರುವಾರ. ಫೀ ಪಿಂಚಣಿಯಿಂದ. ಕರೆದೊಯ್ಯುವುದು ನಮ್ಮ ಪಾಲಿಗೆ. ಹತ್ತನೆಯ ಪರೀಕ್ಷೆಯ ವರ್ಷ ಜನವರಿಯಿಂದ ಮಾರ್ಚಿನವರೆಗೆ ಸ್ಕೇಟು ಅಟ್ಟಕ್ಕೆ, ಪರೀಕ್ಷೆ ಮುಗಿದ ದಿನ ಕೆಳಗೆ. “ನಿಮ್ಮ ಮೊಣಕಾಲು?” ಎಂದು ಮಗ ಕೇಳಿದ. “ಸ್ಕೇಟಿಂಗ್ ನಾವೇನು ಮಾಡತೇವೇನೋ, ಕೂಡೋದು ಅಷ್ಟೇ ಹೌದಲ್ಲೋ” ಎಂದೆವು. ಅವನು ನಕ್ಕ. ಪೂರ್ತಿ ಒಪ್ಪಿದ ನಗುವಲ್ಲ, ದೀಪಾವಳಿಯವರೆಗೆ ನೋಡೋಣ ಎಂಬ ನಗು.

ದೀಪಾವಳಿ ಕಳೆದು ಈಗ ಸಂಕ್ರಾಂತಿ ಬಂತು, ಏರ್ಪಾಡು ನಡೆದಿದೆ. ಆ ಚೀಲ ಇಷ್ಟು ಭಾರವೆಂದು ಎಂಟು ವರ್ಷದಲ್ಲಿ ನಮಗೆ ಯಾರೂ ಹೇಳಿರಲಿಲ್ಲ. ಇಬ್ಬರೂ ಒಂದೊಂದು ಹಿಡಿಕೆ ಹಿಡಿದು ರಿಕ್ಷಾದವರೆಗೆ ಒಯ್ಯುತ್ತೇವೆ. ಬೆಂಚಿನ ಮೇಲೆ ನಮ್ಮ ಪಕ್ಕದಲ್ಲಿ ಒಬ್ಬ ಗುಜರಾತಿ ಅಜ್ಜ, ಒಬ್ಬಳು ಮಲಯಾಳಿ ತಾಯಿ. ಥರ್ಮಾಸಿನ ಚಹಾ ಎಲ್ಲರಿಗೂ ಸುತ್ತು ಹೋಗುತ್ತದೆ. ಹುಡುಗಿ ಉಳುಕಿದ ಕಾಲಿನ ಮೇಲೆ ತಿರುಗುವುದನ್ನು ಇನ್ನೂ ಕೊಂಚ ಅಳುಕಿನಿಂದಲೇ ಮಾಡುತ್ತಾಳೆ, ಮೂರು ಸುತ್ತಿಗೆ ನಿಲ್ಲುತ್ತಾಳೆ. ಮಂಗಳವಾರ, ಗುರುವಾರ ಸೊಸೆ ಆರೂವರೆಯವರೆಗೆ ಮಲಗುತ್ತಾಳೆ.